ದಾಳಕ್ಕೆ ದೃಷ್ಟಿ ತೆಗೆಯುವ ಮುಂಚೆ

ಐದು ಜನ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಪಾತ್ರ ವಹಿಸಿ ಕಥೆ ಕಟ್ಟುವ ಆಟ ಆಡುತ್ತಿದ್ದಾರೆ, ಒಬ್ಬೊಬ್ಬರೂ ಒಂದು ಸಂಜೆಯಲ್ಲಿ 30 ಸಲ ಡಿ20 (ಇಪ್ಪತ್ತು ಮುಖದ ದಾಳ) ಉರುಳಿಸುತ್ತಾರೆ ಎಂದಿಟ್ಟುಕೊಳ್ಳಿ. ಅವರಲ್ಲಿ ಯಾರೇ ಒಬ್ಬರಿಗೆ ಇಡೀ ಸಂಜೆ ಒಂದೂ 20 ಬೀಳದಿರುವ ಸಾಧ್ಯತೆ ಶೇ. 21ಕ್ಕಿಂತ ತುಸು ಹೆಚ್ಚು. ಐವರಲ್ಲಿ ಕನಿಷ್ಠ ಒಬ್ಬರಿಗಾದರೂ ಹಾಗಾಗುವ ಸಾಧ್ಯತೆ ಸುಮಾರು ಶೇ. 70. ಅಂದರೆ ದಾಳದಲ್ಲಿ ಚೂರೂ ದೋಷವಿಲ್ಲದಿದ್ದರೂ ಹತ್ತರಲ್ಲಿ ಏಳು ಸಂಜೆ ಯಾರೋ ಒಬ್ಬರು ಒಂದೂ ಕ್ರಿಟ್ (20 ಬಿದ್ದಾಗ ಸಿಗುವ ಭರ್ಜರಿ ಹೊಡೆತ) ಕಾಣದೆ ಮೇಲೇಳಬೇಕಾಗುತ್ತದೆ. "ಇದಕ್ಕೆ ಯಾರದೋ ಕಣ್ಣು ಬಿದ್ದಿದೆ ಮಾರಾಯ" ಎಂಬ ಮಾತು ಹುಟ್ಟುವುದು ಇಲ್ಲಿ. ದಾಳವನ್ನು ಡಬ್ಬಿಗೆ ಹಾಕುವುದು, ಬಿಸಿಲಿಗಿಡುವುದು, 20 ಮೇಲೆ ಮಾಡಿ ಜೋಡಿಸುವುದು, ಬೇರೆಯವರಿಗೆ ಮುಟ್ಟಲು ಬಿಡದಿರುವುದು ಎಲ್ಲವೂ ಇಲ್ಲಿಂದಲೇ ಶುರುವಾಗುತ್ತದೆ.

ಈ ಆಚರಣೆಗಳಿಂದ ಬೀಳುವ ಅಂಕ ಬದಲಾಗುವುದಿಲ್ಲ. ಆದರೂ ಅವು ಮೇಜಿಗೆ ಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಒಬ್ಬ ಆಟಗಾರ ದಾಳವನ್ನು ಅಂಗೈಯಲ್ಲಿ ಮುಚ್ಚಿ, ಊದಿ, ಆಮೇಲೆ ಬಿಟ್ಟರೆ ಆ ಮೂರು ಸೆಕೆಂಡು ಎಲ್ಲರ ಕಣ್ಣೂ ಒಂದೇ ಕಡೆ ಇರುತ್ತದೆ. ಆಟಕ್ಕೆ ಬೇಕಾಗಿರುವುದು ಅದೇ. ಚೌಕಾಬಾರ ಆಡುವಾಗ ನಾಲ್ಕು ಕವಡೆಗಳನ್ನು ಕೈಯಲ್ಲಿ ಕುಲುಕಿ "ಬಾರ ಬೀಳು" ಎಂದು ಕೇಳಿಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನನ್ನ ಷರತ್ತು ಎರಡೇ: ಆಚರಣೆಯಿಂದ ದಾಳ ಹಾಳಾಗಬಾರದು, ಆಟ ನಿಲ್ಲಬಾರದು. ದೃಷ್ಟಿ ತೆಗೆಯುವ ಮುಂಚೆ ದಾಳವನ್ನೊಮ್ಮೆ ಪರೀಕ್ಷಿಸಬೇಕು, ಯಾಕೆಂದರೆ ಕೆಲವು ದಾಳಗಳಲ್ಲಿ ನಿಜಕ್ಕೂ ದೋಷವಿರುತ್ತದೆ.

ದಾಳದ ಮೇಲಿನ ಅಪನಂಬಿಕೆಗೆ ಹಳೆಯ ಕಾರಣವೂ ಇದೆ. 1974ರಲ್ಲಿ ಈ ಆಟ ಹೊರಬಂದ ಮೊದಲ ವರ್ಷಗಳಲ್ಲಿ ಸಿಗುತ್ತಿದ್ದ ಬಹುಮುಖದ ದಾಳಗಳು ಮೆದು ಪ್ಲಾಸ್ಟಿಕ್ಕಿನವು. ಮೂಲೆಗಳು ಸವೆದು ಡಿ20 ಗೋಲಿಯ ಹಾಗೆ ಉರುಳುತ್ತಿತ್ತು. ಅಂಕಗಳಿಗೆ ಬಣ್ಣವೂ ಇರುತ್ತಿರಲಿಲ್ಲ. ಕ್ರೇಯಾನ್ ಉಜ್ಜಿ ತುಂಬಿಕೊಳ್ಳಬೇಕಿತ್ತು. ದಾಳ ಮಾರುವ ಗೇಮ್‌ಸೈನ್ಸ್ ಕಂಪನಿಯ ಲೂ ಝೊಕಿ ಅಂಚು ಚೂಪಾಗಿರುವ ದಾಳಗಳನ್ನು ಮಾರುತ್ತಾ, ಪಾಲಿಶ್‌ಗಾಗಿ ಡ್ರಮ್ಮಿನಲ್ಲಿ ತಿರುಗಿಸಿದ ದಾಳಗಳ ಆಕಾರ ಕೆಡುತ್ತದೆ ಎಂದು ವಾದಿಸುತ್ತಾ ಬಂದದ್ದು ಈ ಹಿನ್ನೆಲೆಯಲ್ಲೇ.

ಮನೆಯಲ್ಲೇ ಮಾಡಬಹುದಾದ ಮೊದಲ ಪರೀಕ್ಷೆ ಉಪ್ಪುನೀರಿನದು. 200 ಮಿಲಿ ನೀರನ್ನು ಉಗುರುಬೆಚ್ಚಗೆ ಮಾಡಿ 70 ಗ್ರಾಂ ಅಡುಗೆ ಉಪ್ಪು, ಅಂದರೆ ನಾಲ್ಕು ದೊಡ್ಡ ಚಮಚ, ಹಾಕಿ ಕದಡಿ. ತಳದಲ್ಲಿ ಸ್ವಲ್ಪ ಉಪ್ಪು ಕರಗದೆ ಉಳಿದರೆ ಸಾಕು, ನೀರು ಇನ್ನು ಹೀರಿಕೊಳ್ಳುವುದಿಲ್ಲ ಎಂದರ್ಥ. ಆಗ ಅದರ ಸಾಂದ್ರತೆ ಸುಮಾರು 1.2. ಅಕ್ರಿಲಿಕ್ ದಾಳದ್ದು ಅದಕ್ಕಿಂತ ಕೂದಲೆಳೆ ಕಡಿಮೆ, ಹಾಗಾಗಿ ತಲೆಯಷ್ಟೇ ಎತ್ತಿ ತೇಲುತ್ತದೆ. ಉಪ್ಪು ಕಡಿಮೆಯಾಗಿರುವುದರಿಂದಲೇ ಬಹಳ ಜನರ ದಾಳ ತಳ ಸೇರುವುದು. ರೆಸಿನ್‌ನ ಕೆಲವು ದಾಳಗಳು ಎಷ್ಟು ಉಪ್ಪಿಗೂ ಜಗ್ಗುವುದಿಲ್ಲ. ಅವಕ್ಕೆ ಮೆಡಿಕಲ್‌ನಲ್ಲಿ ಸಿಗುವ ಎಪ್ಸಮ್ ಸಾಲ್ಟ್ ಬೇಕು, ಅದರ ದ್ರಾವಣ 1.3ರವರೆಗೂ ಹೋಗುತ್ತದೆ. ಲೋಹದ ಮತ್ತು ಕಲ್ಲಿನ ದಾಳಗಳಿಗೆ ಈ ಪರೀಕ್ಷೆ ಇಲ್ಲ.

ದಾಳ ತೇಲಿದ ಮೇಲೆ ಚಮಚದಿಂದ ಒತ್ತಿ ಮುಳುಗಿಸಿ, ತಿರುಗಿಸಿ ಬಿಡಿ. ಮೇಲೆ ಬಂದು ನಿಂತ ಅಂಕ ಬರೆದಿಡಿ. ಹೀಗೆ 20–25 ಸಲ. ಅಂಕಗಳು ಚದುರಿದ್ದರೆ ನಿಶ್ಚಿಂತೆ. ಪ್ರತಿ ಸಲವೂ ಒಂದೇ ಅಂಕ ಅಥವಾ ಅದರ ಅಕ್ಕಪಕ್ಕದ ಎರಡು ಮೂರು ಮುಖಗಳೇ ಮೇಲೆ ಬಂದರೆ ಆ ಬದಿ ಹಗುರ, ಒಳಗೆ ಗಾಳಿಗುಳ್ಳೆ ಇರಬಹುದು. ಆದರೆ ತೀರ್ಪು ಕೊಡುವ ಮುಂಚೆ ದಾಳದ ಮೈಯನ್ನು ಬೆರಳಿನಿಂದ ಸವರಿ: ಅಂಕದ ಗುಂಡಿಯಲ್ಲಿ ಸಿಕ್ಕಿಕೊಂಡ ಒಂದು ಪುಟ್ಟ ಗುಳ್ಳೆ ಸಾಕು, ದಾಳ ತಪ್ಪು ದಾರಿ ಹಿಡಿಯುತ್ತದೆ. ಮುಗಿದ ಮೇಲೆ ಸಿಹಿನೀರಿನಲ್ಲಿ ತೊಳೆದು ಒರೆಸಿ, ಇಲ್ಲದಿದ್ದರೆ ಅಂಕಗಳ ಒಳಗೆ ಉಪ್ಪು ಬಿಳಿಯಾಗಿ ಕೂರುತ್ತದೆ. ಬಿಸಿನೀರು ಬೇಡ, ಬಣ್ಣ ಏಳುತ್ತದೆ.

ಉಪ್ಪುನೀರು ಹೇಳುವುದು ತೂಕದ ಮಾತು ಮಾತ್ರ. ನೀರು ಬಹಳ ಸಣ್ಣ ವ್ಯತ್ಯಾಸವನ್ನೂ ತೋರಿಸುತ್ತದೆ. ಗಟ್ಟಿ ಮೇಜಿನ ಮೇಲೆ ಎಂಟು ಹತ್ತು ಸಲ ಪುಟಿದು ಉರುಳುವ ದಾಳಕ್ಕೆ ಅದು ಲೆಕ್ಕಕ್ಕೇ ಬಾರದಿರಬಹುದು. ಆಕಾರದ ದೋಷಕ್ಕೆ ವರ್ನಿಯರ್ ಕ್ಯಾಲಿಪರ್ ಬೇಕು. ಡಿ20ಯಲ್ಲಿ ಎದುರುಬದುರು ಮುಖಗಳ ಜೋಡಿ ಹತ್ತು. ಹತ್ತು ಅಳತೆಗಳೂ ಹೆಚ್ಚುಕಡಿಮೆ ಒಂದೇ ಬರಬೇಕು. ಒಂದು ಜೋಡಿಯ ನಡುವಿನ ದಪ್ಪ ಕಡಿಮೆ ಇದ್ದರೆ ದಾಳ ಆ ಕಡೆ ಚಪ್ಪಟೆ, ಆ ಎರಡು ಅಂಕಗಳೂ ಹೆಚ್ಚು ಬೀಳುತ್ತವೆ. ಎದುರುಬದುರು ಅಂಕಗಳ ಮೊತ್ತ 21 ಆದ್ದರಿಂದ 20ರ ಎದುರಿಗೆ 1 ಇರುತ್ತದೆ. ಹಾಗಾಗಿ ಆ ಕಡೆ ಚಪ್ಪಟೆಯಾದ ದಾಳ 20 ಹೆಚ್ಚು ಕೊಟ್ಟರೆ 1 ಕೂಡ ಅಷ್ಟೇ ಧಾರಾಳವಾಗಿ ಕೊಡುತ್ತದೆ. "ಇದು ಕೊಟ್ಟರೆ ಪೂರ್ತಿ ಕೊಡುತ್ತೆ, ಕೈಕೊಟ್ಟರೆ ಪೂರ್ತಿ ಕೈಕೊಡುತ್ತೆ" ಎಂದು ಹೆಸರು ಮಾಡಿದ ದಾಳ ನಿಮ್ಮಲ್ಲಿದ್ದರೆ ಮೊದಲು ಅಳೆದು ನೋಡಿ. ಮ್ಯಾಜಿಕ್ ಕಾರ್ಡ್ ಆಟದಲ್ಲಿ ಅಂಕ ಎಣಿಸಲು ಬಳಸುವ ಸ್ಪಿನ್‌ಡೌನ್ ದಾಳವನ್ನು ಮಾತ್ರ ಉರುಳಿಸಲು ತರಬೇಡಿ: ಅದರಲ್ಲಿ ದೊಡ್ಡ ಅಂಕಗಳೆಲ್ಲ ಒಂದೇ ಬದಿಗೆ ಗುಂಪಾಗಿರುತ್ತವೆ, ಆ ಬದಿ ಸ್ವಲ್ಪ ಹಗುರವಾದರೂ ಸರಾಸರಿಯೇ ಏರುತ್ತದೆ.

ಕೊನೆಯ ಪರೀಕ್ಷೆ ಎಣಿಕೆ. ವನಪರ್ವದ ನಳನ ಕಥೆಯಲ್ಲಿ ಋತುಪರ್ಣ ದಾರಿಬದಿಯ ತಾರೆ ಮರವನ್ನು ನೋಡಿ ಎಲೆ, ಕಾಯಿಗಳ ಲೆಕ್ಕ ಹೇಳುತ್ತಾನೆ. ನಳ ರಥ ನಿಲ್ಲಿಸಿ, ಇಳಿದು ಎಣಿಸಿ, ಸರಿ ಎಂದು ಖಾತ್ರಿ ಮಾಡಿಕೊಳ್ಳುತ್ತಾನೆ. ದಾಳದ ಗುಟ್ಟು ತಿಳಿಸುವ ಅಕ್ಷಹೃದಯ ವಿದ್ಯೆ ಅವನಿಗೆ ಸಿಕ್ಕ ಮೇಲೆಯೇ ಕಲಿ ಅವನ ಮೈಬಿಟ್ಟು ಹೊರಡುವುದು. ಜೂಜಿನಲ್ಲಿ ರಾಜ್ಯ ಕಳೆದುಕೊಂಡವನಿಗೆ ಆ ಕಥೆ ಕೊಟ್ಟ ಪರಿಹಾರ ಎಣಿಕೆ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ನಮ್ಮ ಎಣಿಕೆ ಹೀಗೆ. ದಾಳವನ್ನು 200 ಸಲ ಉರುಳಿಸಿ, ಯಾವ ಅಂಕ ಎಷ್ಟು ಸಲ ಬಿತ್ತು ಎಂದು ಗೀಟು ಹಾಕಿ. ಒಂದೊಂದಕ್ಕೂ 10 ಬೀಳಬೇಕು, ಆದರೆ 4ರಿಂದ 16ರವರೆಗೆ ಏನೇ ಬಂದರೂ ಗಾಬರಿ ಬೇಡ. ಈಗ ಇಪ್ಪತ್ತೂ ಎಣಿಕೆಗಳನ್ನು ಬೇರೆಬೇರೆಯಾಗಿ ವರ್ಗ ಮಾಡಿ ಕೂಡಿಸಿ. ಮೊತ್ತ 2,301 ದಾಟದಿದ್ದರೆ ದಾಳದ ಮೇಲೆ ಆರೋಪ ಹೊರಿಸಲು ಆಧಾರವಿಲ್ಲ. ಎಣಿಕೆಯ ಏರುಪೇರು ಬರೀ ಆಕಸ್ಮಿಕವೇ ಎಂದು ನೋಡುವ ಕೈ-ವರ್ಗ (chi-square) ಪರೀಕ್ಷೆಯಲ್ಲಿ 19 ಸ್ವತಂತ್ರ ಮೌಲ್ಯಗಳಿಗೆ ಶೇ. 5ರ ಮಿತಿ 30.14, ಅದನ್ನೇ ಇಲ್ಲಿ ಕ್ಯಾಲ್ಕುಲೇಟರ್‌ಗೆ ಸುಲಭವಾಗುವಂತೆ ತಿರುಗಿಸಿ ಹೇಳಿದ್ದೇನೆ. ನೆನಪಿಡಿ, ಒಳ್ಳೆಯ ದಾಳಗಳಲ್ಲೂ ಇಪ್ಪತ್ತಕ್ಕೆ ಒಂದು ಈ ಗೆರೆ ದಾಟುತ್ತದೆ. ದಾಟಿದರೆ ಹೊಸದಾಗಿ ಇನ್ನೊಂದು 200 ಹಾಕಿ. ಎರಡನೇ ಸಲವೂ ದಾಟಿದರೆ, ಅದೂ ಅದೇ ಅಂಕಗಳಿಂದ ದಾಟಿದರೆ, ಆ ದಾಳವನ್ನು ಬಿಟ್ಟುಬಿಡಿ. ಸಣ್ಣ ಓಲುವಿಕೆ 200ರಲ್ಲಿ ಸಿಕ್ಕಿಬೀಳುವುದಿಲ್ಲ. ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ವೆಲ್ಡನ್ 1894ರಲ್ಲಿ ಆರು ಮುಖದ 12 ದಾಳಗಳನ್ನು 26,306 ಸಲ ಎಸೆದಾಗ 5 ಅಥವಾ 6 ಬಿದ್ದದ್ದು ಶೇ. 33.77, ಬೀಳಬೇಕಾದದ್ದು ಶೇ. 33.33. ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ 1900ರಲ್ಲಿ ಕೈ-ವರ್ಗ ಪರೀಕ್ಷೆಯನ್ನು ಮಂಡಿಸಿದಾಗ ಬಳಸಿದ್ದು ಈ ಅಂಕಿಗಳನ್ನೇ. ಅಷ್ಟು ಸಣ್ಣ ವ್ಯತ್ಯಾಸ ಹಲವು ಸಂಜೆ ನಡೆಯುವ ಒಂದು ಇಡೀ ಕ್ಯಾಂಪೇನ್ ಮುಗಿದರೂ ಯಾರ ಅನುಭವಕ್ಕೂ ಬಾರದು.

ಪರೀಕ್ಷೆಯಲ್ಲಿ ಪಾಸಾದ ದಾಳಕ್ಕೆ ಈಗ ಆಚರಣೆಗಳು.

ಎಲ್ಲಕ್ಕಿಂತ ಗಟ್ಟಿಯಾಗಿರುವುದು ಮಡಿ. ಒಬ್ಬರ ದಾಳವನ್ನು ಇನ್ನೊಬ್ಬರು ಮುಟ್ಟಬಾರದು. ಮುಟ್ಟಿದರೆ ಅದೃಷ್ಟ ಅವರ ಕೈಗೆ ಹೋಗುತ್ತದೆ ಎಂಬ ನಂಬಿಕೆ. ಇದನ್ನು ಗೌರವಿಸಿ. ದಾಳಕ್ಕೆ ಕೈಚಾಚುವ ಮುಂಚೆ "ಅಕ್ಕ, ಇದನ್ನ ಮುಟ್ಟಬಹುದಾ?" ಎಂದು ಕೇಳುವುದರಿಂದ ಯಾರಿಗೂ ನಷ್ಟವಿಲ್ಲ. ತೊಂದರೆಯಾಗುವುದು ಮೊದಲ ಸಲ ಬಂದವರಿಗೆ, ದಾಳ ಮರೆತು ಬಂದವರಿಗೆ. ಅದಕ್ಕೆ ಏಳು ದಾಳಗಳ ಒಂದು ಸೆಟ್ಟನ್ನು ಎಲ್ಲರದೆಂದು ಮೇಜಿನ ನಡುವೆ ಇಡಿ, ಅದಕ್ಕೆ ಮಡಿ ಇಲ್ಲ.

ಕೈಕೊಟ್ಟ ದಾಳವನ್ನು ಕೂಡಿಹಾಕುವ ಡೈಸ್ ಜೈಲು ಮಾಡಲು ಒಂದು ಪುಟ್ಟ ಸ್ಟೀಲ್ ಡಬ್ಬಿ ಸಾಕು. ಮುಚ್ಚಳ ಬಿದ್ದ ಸದ್ದಿಗೇ ಅರ್ಧ ಸಿಟ್ಟು ಇಳಿಯುತ್ತದೆ. ಕಟ್ಟಳೆ ಮಾತ್ರ ಬಿಗಿಯಾಗಿರಲಿ: ಒಳಗೆ ಹಾಕುವವರ ಹತ್ತಿರ ಇನ್ನೊಂದು ಡಿ20 ಇರಬೇಕು, ಬಿದ್ದ ಅಂಕವನ್ನು ಒಪ್ಪಿಕೊಂಡ ಮೇಲೆಯೇ ಜೈಲು, ಶಿಕ್ಷೆ ಆ ಸೆಷನ್ ಮುಗಿಯುವವರೆಗೆ. ಮಧ್ಯದಲ್ಲಿ ಜಾಮೀನು ಕೊಡಲು ಶುರುಮಾಡಿದರೆ ಪ್ರತಿ ಸರದಿಗೂ ಐದು ನಿಮಿಷದ ವಿಚಾರಣೆ ನಡೆಯುತ್ತದೆ. ಉಳಿದ ದಾಳಗಳು ಹೆದರಲಿ ಎಂದು ಒಂದನ್ನು ಸುತ್ತಿಗೆಯಿಂದ ಒಡೆಯುವ ರೂಢಿಯೂ ಕೆಲವರಲ್ಲಿದೆ. ಅಕ್ರಿಲಿಕ್ ಚೂರು ಕಣ್ಣಿಗೆ ಸಿಡಿಯುತ್ತದೆ, ಅದು ಬೇಡವೇ ಬೇಡ.

ಆಟಕ್ಕೆ ಮುಂಚೆ ಉರುಳಿಸಿ ಉರುಳಿಸಿ 1ಗಳನ್ನು ಖಾಲಿ ಮಾಡುವವರಿದ್ದಾರೆ. ಸತತ ಮೂರು ಸಲ 1 ಬೀಳುವುದು 8,000ಕ್ಕೆ ಒಂದು, ನಿಜ. ಆದರೆ ಎರಡು 1 ಬಿದ್ದಾದ ಮೇಲೆ ಮೂರನೆಯದು ಬೀಳುವುದು ಮತ್ತೆ ಇಪ್ಪತ್ತಕ್ಕೆ ಒಂದೇ. ಹಿಂದೆ ಬಿದ್ದದ್ದು ದಾಳಕ್ಕೆ ನೆನಪಿರುವುದಿಲ್ಲ. ಆಟ ನಡೆಸುವ ಡಿಎಂ (ಡಂಜನ್ ಮಾಸ್ಟರ್) ಕಥೆ ಶುರುಮಾಡುವವರೆಗೆ ಎಷ್ಟು ಬೇಕಾದರೂ ಉರುಳಿಸಲಿ. ಶುರುವಾದ ಮೇಲೆ ನಿಲ್ಲಿಸಬೇಕು, ಇಲ್ಲದಿದ್ದರೆ "ಈಗ ಬಿದ್ದದ್ದು ಲೆಕ್ಕಕ್ಕಾ, ಸುಮ್ಮನೆಯಾ?" ಎಂಬ ಜಗಳ ತಪ್ಪಿದ್ದಲ್ಲ. ಯಾವುದಕ್ಕೆ ಉರುಳಿಸುತ್ತಿದ್ದೇನೆ ಎಂದು ಮೊದಲು ಬಾಯಿಬಿಟ್ಟು ಹೇಳಿ, ಆಮೇಲೆ ಕೈಬಿಡುವುದು ಒಳ್ಳೆಯದು. 20 ಮೇಲೆ ಮಾಡಿ ಇಡುವುದರಿಂದ ಏನೂ ಆಗುವುದಿಲ್ಲ, ಮನೆಯ ಶಾಖದಲ್ಲಿ ಅಕ್ರಿಲಿಕ್ ಹರಿದು ಕೆಳಗಿಳಿಯುವ ವಸ್ತುವಲ್ಲ. ಬೆಳದಿಂಗಳಿಗಿಡುವುದೂ ಹಾಗೇ. ಬಿಸಿಲು ಬೇಡ, ಪಾರದರ್ಶಕ ರೆಸಿನ್ ಹಳದಿಗೆ ತಿರುಗುತ್ತದೆ. ಮೈಕ್ರೋವೇವ್‌ಗಂತೂ ಯಾವ ದಾಳವೂ ಹೋಗಬಾರದು.

ಎಸೆತದ ವಿಷಯಕ್ಕೆ ಬಂದರೆ ನಂಬಿಕೆ ಮತ್ತು ಮೋಸದ ನಡುವಿನ ಗೆರೆ ತೆಳುವಾಗುತ್ತದೆ. ಅಮೆರಿಕದ ಸೇಂಟ್ ಲೂಯಿಸ್‌ನ ಟ್ಯಾಕ್ಸಿ ಚಾಲಕರ ಜೂಜನ್ನು ಗಮನಿಸಿದ ಸಮಾಜಶಾಸ್ತ್ರಜ್ಞ ಜೇಮ್ಸ್ ಹೆನ್ಸ್ಲಿನ್ 1967ರಲ್ಲಿ ಬರೆದದ್ದು ಇದು: ಸಣ್ಣ ಅಂಕ ಬೇಕಾದಾಗ ಅವರು ಮೆಲ್ಲಗೆ ಎಸೆಯುತ್ತಿದ್ದರು, ದೊಡ್ಡದು ಬೇಕಾದಾಗ ಜೋರಾಗಿ. ಜೋರಾಗಿ ಎಸೆದರೆ ತೊಂದರೆಯಿಲ್ಲ. ಮೆಲ್ಲಗೆ ಜಾರಿಸಿದ ಡಿ20 ಮಾತ್ರ ಒಂದೆರಡು ಮಗ್ಗುಲು ಬದಲಿಸಿ ನಿಲ್ಲುತ್ತದೆ, ಆಗ ಮೊದಲಿದ್ದ ಮುಖದ ನೆರೆಯವೇ ಬೀಳುತ್ತವೆ. ಒಂದು ಗೇಣು ಎತ್ತರದಿಂದ ಬಿಡಬೇಕು, ದಾಳ ಉರುಳಿಸುವ ಟ್ರೇಯ ಗೋಡೆಗೆ ಒಮ್ಮೆ ತಾಗಬೇಕು ಎಂಬ ನಿಯಮವಿಟ್ಟರೆ ಯಾರ ಮೇಲೂ ಅನುಮಾನ ಉಳಿಯುವುದಿಲ್ಲ. ಓರೆಯಾಗಿ ನಿಂತ ದಾಳದ ಮೇಲೆ ಒಂದು ಡಿ6 (ಆರು ಮುಖದ ದಾಳ) ಇಟ್ಟು ನೋಡಿ: ಜಾರದೆ ನಿಂತರೆ ಅಂಕ ಊರ್ಜಿತ. ಟ್ರೇಯಿಂದ ಹೊರಗೆ ಬಿದ್ದದ್ದನ್ನು ಮತ್ತೆ ಉರುಳಿಸಬೇಕು, 20 ಬಿದ್ದಿದ್ದರೂ.

ಟ್ರೇಗೆ ಅಡುಗೆಮನೆಯ ಅಗಲವಾದ ಪರಾತ ಸಾಕು, ಒಳಗೆ ಎರಡು ಮೂರು ಮಿಲಿಮೀಟರ್ ದಪ್ಪದ ಫೆಲ್ಟ್ ಹಾಸಿ. ಸ್ಪಂಜು ಹಾಸಿದರೆ ದಾಳ ಬಿದ್ದಲ್ಲೇ ಹೂತುಕೊಳ್ಳುತ್ತದೆ. ಏನೂ ಹಾಸದಿದ್ದರೆ ಲೋಹದ ದಾಳದ ಸದ್ದಿಗೆ ರಾತ್ರಿ ಹನ್ನೊಂದರ ಹೊತ್ತಿಗೆ ಕೆಳಗಿನ ಮನೆಯವರು ಸೊಸೈಟಿ ಸೆಕ್ರೆಟರಿಗೆ ಫೋನ್ ಮಾಡುತ್ತಾರೆ.

ಆಯುಧ ಪೂಜೆಗೆ ದಾಳ ಇಡುವವರಿಗೆ ಒಂದು ವಿನಂತಿ. ಮಾಟುಂಗ ಸ್ಟೇಷನ್ ಹೊರಗಿನಿಂದ ತಂದ ಸೇವಂತಿಗೆ ಏರಿಸಿ, ಚಿಂತೆಯಿಲ್ಲ. ಅರಿಶಿನ ಮಾತ್ರ ನೇರವಾಗಿ ಹಚ್ಚಬೇಡಿ: ಬಿಳಿ ಮತ್ತು ಪಾರದರ್ಶಕ ದಾಳದ ಮೇಲೆ ಕಲೆ ನಿಲ್ಲುತ್ತದೆ. ಒದ್ದೆ ಕುಂಕುಮ ಅಂಕಗಳ ಗುಂಡಿಗೆ ಇಳಿದರೆ ಹಲ್ಲುಜ್ಜುವ ಬ್ರಷ್‌ಗೂ ಪೂರ್ತಿ ಬರುವುದಿಲ್ಲ. ದಾಳಗಳನ್ನು ಡಬ್ಬಿಯಲ್ಲಿಟ್ಟು ಮುಚ್ಚಳಕ್ಕೆ ಅರಿಶಿನ ಕುಂಕುಮ ಹಚ್ಚಿ. ಶನಿವಾರ ಅಂಗಡಿಗಳಿಗೆ ಕಟ್ಟುವ ನಿಂಬೆ-ಮೆಣಸಿನಕಾಯಿಯನ್ನು ಟ್ರೇಗೆ ಕಟ್ಟುವುದಿದ್ದರೆ ಹೊರಬದಿಗೆ ಕಟ್ಟಿ, ನಿಂಬೆರಸ ತಾಗಿದರೆ ಲೋಹದ ದಾಳದ ಮೇಲ್ಪದರ ಕಪ್ಪಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವೆಲ್ವೆಟ್ ಚೀಲವನ್ನು ಮರೆತುಬಿಡಿ. ಮುಂಬಯಿಯ ಮಳೆಗಾಲದ ತೇವಕ್ಕೆ ಅದರಲ್ಲಿ ಬೂಷ್ಟು ಹಿಡಿಯುತ್ತದೆ, ಸತುವಿನ ಮಿಶ್ರಲೋಹದ ದಾಳಗಳಿಗೆ ಮಚ್ಚೆ ಬೀಳುತ್ತದೆ, ಮರದ ದಾಳ ಉಬ್ಬಿ ಆಕಾರ ಕೆಡುತ್ತದೆ. ಬಿಗಿ ಮುಚ್ಚಳದ ಡಬ್ಬಿ, ಶೂ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್‌ನ ಎರಡು ಪೊಟ್ಟಣ, ಆಟ ಮುಗಿದ ಮೇಲೆ ಒಣ ಹತ್ತಿಬಟ್ಟೆಯಿಂದ ಒಂದು ಒರೆಸು. ಜೈಲಿನಲ್ಲಿರುವ ದಾಳಗಳನ್ನೂ ಅವತ್ತೇ ಹೊರತೆಗೆದು ಒರೆಸಿಡಿ.