ಚೆಟ್ರಿ ಒಬ್ಬರಿಗೇ ಏಕೆ ಇಷ್ಟು ಹೆಸರು?

ಬಳ್ಳಾರಿಯಲ್ಲಿ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುವ ನನಗೆ ಪೋಷಕರಿಂದ ಪದೇ ಪದೇ ಎದುರಾಗುವ ಪ್ರಶ್ನೆ ಇದು: ಭಾರತ ತಂಡದಲ್ಲಿ ಹನ್ನೊಂದು ಮಂದಿ ಆಡುವಾಗ ಸುನಿಲ್ ಚೆಟ್ರಿ ಒಬ್ಬರಿಗೇ ಏಕೆ ಇಷ್ಟು ಹೆಸರು, ಉಳಿದವರು ಅಷ್ಟು ಸಾಮಾನ್ಯರೇ?

ಖಂಡಿತ ಅಲ್ಲ. 2005ರಲ್ಲಿ ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಗೋಲು ಹೊಡೆದು ಆರಂಭಿಸಿದ ಚೆಟ್ರಿ, 2024ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ವಿದಾಯ ಹೇಳುವ ಹೊತ್ತಿಗೆ 151 ಪಂದ್ಯಗಳಲ್ಲಿ 94 ಗೋಲು ಗಳಿಸಿದ್ದರು. ಮರುವರ್ಷ ತಂಡಕ್ಕೆ ಮರಳಿ ಮತ್ತೆ ಗೋಲು ಹೊಡೆದರು. ಆ ಕೀರ್ತಿ ಪೂರ್ತಿಯಾಗಿ ದುಡಿದು ಪಡೆದದ್ದು. ಆದರೆ ಅವರಿಗೂ ಜೊತೆಯವರಿಗೂ ನಡುವೆ ಜನಪ್ರಿಯತೆಯಲ್ಲಿರುವ ಅಂತರ ಆಟದಲ್ಲಿ ಇಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ. ಗೋಲು ಎಲ್ಲರಿಗೂ ಕಾಣುತ್ತದೆ, ಲೆಕ್ಕಕ್ಕೂ ಸಿಗುತ್ತದೆ. ತಪ್ಪಿಸಿದ ಗೋಲನ್ನು ಯಾರೂ ಲೆಕ್ಕ ಇಡುವುದಿಲ್ಲ.

ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 2023ರಲ್ಲಿ ನಡೆದ, ದಕ್ಷಿಣ ಏಷ್ಯಾ ಮಟ್ಟದ ಸ್ಯಾಫ್ ಚಾಂಪಿಯನ್‌ಷಿಪ್ ಅನ್ನೇ ನೋಡಿ. ಪಾಕಿಸ್ತಾನದ ವಿರುದ್ಧ ಚೆಟ್ರಿ ಹೊಡೆದ ಹ್ಯಾಟ್ರಿಕ್ ನಮ್ಮೂರಿನ ಹುಡುಗರಿಗೆಲ್ಲ ನೆನಪಿದೆ. ಆದರೆ ಪೆನಾಲ್ಟಿ ಶೂಟೌಟ್‌ಗಳಲ್ಲಿ, ಸೆಮಿಫೈನಲ್‌ನಲ್ಲಿ ಲೆಬನಾನ್‌ನ ಮೊದಲ ಪೆನಾಲ್ಟಿಯನ್ನೂ, ಫೈನಲ್‌ನಲ್ಲಿ ಕುವೈತ್‌ನ ಕೊನೆಯ ಪೆನಾಲ್ಟಿಯನ್ನೂ ತಡೆದು ಕಪ್ ಉಳಿಸಿಕೊಟ್ಟ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ಹೆಸರು ಹೇಳಲು ಅವರೇ ತಡವರಿಸುತ್ತಾರೆ. ಚೆಟ್ರಿಯ ಕ್ಲಬ್ ಬೆಂಗಳೂರು ಎಫ್‌ಸಿಗೆ 2019ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪ್ರಶಸ್ತಿ ತಂದದ್ದು, ಗೋವಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ ಡಿಫೆಂಡರ್ ರಾಹುಲ್ ಭೆಕೆ ತಲೆಯಿಂದ ಹೊಡೆದ ಏಕೈಕ ಗೋಲು. ಜನರಿಗೆ ನೆನಪಿರುವುದು ಕಪ್ ಎತ್ತಿದ ನಾಯಕ ಚೆಟ್ರಿ.

ಇದರ ಪರಿಣಾಮವನ್ನು ನಾನು ದಿನವೂ ಕಾಣುತ್ತೇನೆ. ತೋರಣಗಲ್ಲಿನ ಜಿಂದಾಲ್ ಅಕಾಡೆಮಿಯ ಕನಸು ಹೊತ್ತು ಬರುವ ಹುಡುಗರಲ್ಲಿ ಬಹುಪಾಲು ಮಂದಿಯ ಬೆನ್ನ ಮೇಲೆ ಚೆಟ್ರಿಯ ಸಂಖ್ಯೆ 11 ಎಂದಿರುತ್ತದೆ, ಗೋಲ್‌ಕೀಪರ್ ಗ್ಲೌಸ್ ಮಾತ್ರ ಕೆಂಪು ಧೂಳಿನಲ್ಲಿ ಬಿದ್ದಿರುತ್ತದೆ, ತಡವಾಗಿ ಬಂದವನು ಅದನ್ನು ಮುಖ ಸಣ್ಣ ಮಾಡಿಕೊಂಡು ತೊಡುತ್ತಾನೆ. ಎತ್ತರ, ಚುರುಕುತನ ಎರಡೂ ಇರುವ ಹುಡುಗ ಗೋಲ್‌ಕೀಪರ್ ಆಗಲು ಒಲ್ಲೆ ಎಂದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹಾಗಿದ್ದರೂ ಒಂದು ವಿಷಯದಲ್ಲಿ ಚೆಟ್ರಿಗೆ ಸಾಟಿಯಿಲ್ಲ. 2018ರ ಜೂನ್‌ನಲ್ಲಿ ಮುಂಬೈನಲ್ಲಿ ಅವರು ಹ್ಯಾಟ್ರಿಕ್ ಹೊಡೆದ ಪಂದ್ಯಕ್ಕೆ ಗ್ಯಾಲರಿ ಬಹುಪಾಲು ಖಾಲಿಯಿತ್ತು. ನಮ್ಮನ್ನು ಬೈಯಲಿಕ್ಕಾದರೂ ಮೈದಾನಕ್ಕೆ ಬನ್ನಿ ಎಂದು ಅವರು ವಿಡಿಯೊ ಮೂಲಕ ಕೈಮುಗಿದು ಕೇಳಿಕೊಂಡರು, ಮುಂದಿನ ಕೆನ್ಯಾ ಪಂದ್ಯದ ಟಿಕೆಟ್‌ಗಳು ಪೂರ್ತಿ ಖರ್ಚಾದವು. ಬೇರೆ ಯಾವ ಆಟಗಾರ ಕರೆದಿದ್ದರೂ ಅಷ್ಟು ಜನ ಬರುತ್ತಿರಲಿಲ್ಲ. ಅಂದು ಸುರಿಯುವ ಮಳೆಯಲ್ಲಿ ಜೊತೆ ಆಟಗಾರ ಜೆಜೆ ಲಾಲ್‌ಪೆಖ್ಲುವಾ ಹೊಡೆದ ಗೋಲಿಗೂ ತುಂಬಿದ ಕ್ರೀಡಾಂಗಣದ ಕೇಕೆ ಸಿಕ್ಕಿತು.