ಇಷ್ಟು ವರ್ಷ ಬೇಸರವಾಗಲಿಲ್ಲವೇ?

ಶಿರಸಿ ಸೀಮೆಯ ಅಡಿಕೆ ತೋಟಗಳಲ್ಲಿ ಬಳಕೆಯಲ್ಲಿರುವ ಶಬ್ದಗಳನ್ನು ಕಳೆದ 12 ವರ್ಷಗಳಿಂದ ಚೀಟಿಗಳಲ್ಲಿ ಬರೆದಿಡುತ್ತಿದ್ದೇನೆ. ಬ್ಯಾಂಕಿನ ಕೆಲಸ ಮುಗಿಸಿ ಮನೆಗೆ ಬಂದ ಮೇಲೆ, ರಾತ್ರಿ ಊಟಕ್ಕೆ ಮುಂಚಿನ ಅರ್ಧ ಗಂಟೆ ಇದಕ್ಕೆ ಮೀಸಲು. ಈ ಸಂಗತಿ ತಿಳಿದವರು, ಮದುವೆಮನೆಯ ಪಂಕ್ತಿಯಲ್ಲಿರಲಿ, ಬಸ್ಸಿನಲ್ಲಿರಲಿ, ಕೇಳುವ ಪ್ರಶ್ನೆ ಒಂದೇ: ‘ಬೇಸರವಾಗಲಿಲ್ಲವೇ? ಇಷ್ಟು ವರ್ಷ ಹುಮ್ಮಸ್ಸನ್ನು ಹೇಗೆ ಉಳಿಸಿಕೊಂಡಿರಿ?’ ಕೇಳುವವರಲ್ಲಿ ಹಲವರು ತಾವೂ ಸಂಗೀತವನ್ನೋ ಸಂಶೋಧನೆಯನ್ನೋ ಆಸೆಯಿಂದ ಆರಂಭಿಸಿ ನಡುವೆ ಕೈಬಿಟ್ಟವರು. ಅವರ ದನಿಯಲ್ಲಿರುವ ನೋವು ನನಗೆ ಗೊತ್ತಾಗುತ್ತದೆ. ಆದ್ದರಿಂದ ನಿಂತ ನಿಲುವಿನಲ್ಲಿ ಕೊಡುವ ಉತ್ತರದ ಬದಲು, ಒಮ್ಮೆ ಕುಳಿತು ಸಾವಧಾನವಾಗಿ ಬರೆಯಬೇಕೆನಿಸಿತು.

ಮೊದಲಿನ ಹುಮ್ಮಸ್ಸು ಉಳಿಯಲಿಲ್ಲ ಎಂಬುದು ನಿಜವಾದ ಉತ್ತರ. ಅದು ಮೂರೇ ತಿಂಗಳಲ್ಲಿ ಮುಗಿದುಹೋಯಿತು. ಆರಂಭದಲ್ಲಿ ಹಾಳೆ, ಸೋಗೆ, ದಬ್ಬೆ, ಸಿಂಗಾರ, ದೋಟಿ, ಚೊಗರು, ಚಾಲಿ ಎಂದು ನನಗೆ ಗೊತ್ತಿದ್ದ ಶಬ್ದಗಳೇ ಸಾಲುಗಟ್ಟಿ ಬಂದವು, ಒಂದೇ ರಾತ್ರಿ ಇಪ್ಪತ್ತು ಚೀಟಿ ಬರೆದದ್ದೂ ಉಂಟು. ಗೊತ್ತಿದ್ದದ್ದು ತೀರಿತು, ಅದರ ಹಿಂದೆಯೇ ಉತ್ಸಾಹವೂ ತೀರಿತು. ಅಲ್ಲಿಂದ ಮುಂದೆ ಪ್ರತಿಯೊಂದು ಶಬ್ದಕ್ಕೂ ಯಾರನ್ನಾದರೂ ಹುಡುಕಿಕೊಂಡು ಹೋಗಿ ಕೇಳಲೇಬೇಕಾಯಿತು. ನನ್ನನ್ನು ಉಳಿಸಿದ್ದು ಹಾಗೆ ಕೇಳಹೋದದ್ದೇ ಎಂದು ಈಗ ಅನಿಸುತ್ತದೆ.

ನಮ್ಮೂರಿನ ಹಿರಿಯ ಕೊನೆಗೌಡರೊಬ್ಬರು (ಅಡಿಕೆ ಮರವೇರಿ ಕೊನೆ ಕೊಯ್ಯುವವರನ್ನು ನಮ್ಮಲ್ಲಿ ಹಾಗೆನ್ನುತ್ತಾರೆ) ಒಂದು ಮಧ್ಯಾಹ್ನ ಅಂಗಳದ ಕಟ್ಟೆಯ ಮೇಲೆ ಕುಳಿತು, ಒಣ ಕರಡದ ಹುಲ್ಲನ್ನು ಮೊಣಕಾಲಿಗೆ ಒತ್ತಿ ಹಿಡಿದು, ಕೊಟ್ಟೆ ಕಟ್ಟುವುದು ಹೇಗೆಂದು ತೋರಿಸಿಕೊಟ್ಟರು. ಮಳೆಗಾಲದಲ್ಲಿ ಕೊಳೆರೋಗ ತಗಲದಂತೆ ಎಳೆಯ ಕೊನೆಗೆ ತೊಡಿಸುತ್ತಿದ್ದ ಹೊದಿಕೆಯದು. ಮೈಲುತುತ್ತ ಮತ್ತು ಸುಣ್ಣವನ್ನು ತಲಾ ಒಂದು ಕಿಲೋದಂತೆ ನೂರು ಲೀಟರ್ ನೀರಿಗೆ ಬೆರೆಸಿ ಸಿಂಪಡಿಸುವ ಬೋರ್ಡೋ ದ್ರಾವಣ ಮನೆಮಾತಾದ ಮೇಲೆ ಹುಲ್ಲಿನ ಕೊಟ್ಟೆಗೆ ಕೆಲಸವಿಲ್ಲವಾಯಿತು. ಶಬ್ದ ಮಾತ್ರ ಹಾರಿಹೋಗಿ ಪ್ಲಾಸ್ಟಿಕ್ ಚೀಲದ ಮೇಲೆ ಕುಳಿತಿದೆ. ನಮ್ಮ ಮಕ್ಕಳಿಗೆ ಕೊಟ್ಟೆಯೆಂದರೆ ಅಂಗಡಿಯಿಂದ ಸಾಮಾನು ತರುವ ಚೀಲ. ಗೌಡರ ಬೆರಳುಗಳು ಆ ಗಂಟನ್ನು ಒಮ್ಮೆಯೂ ತಡವರಿಸದೆ ಹಾಕಿದವು. ಆ ರಾತ್ರಿ ಚೀಟಿ ಬರೆಯಲು ನನಗೆ ಉತ್ಸಾಹವಿತ್ತೋ ಇಲ್ಲವೋ ಎಂಬ ಪ್ರಶ್ನೆಯೇ ಏಳಲಿಲ್ಲ, ಏಕೆಂದರೆ ಬರೆಯದಿದ್ದರೆ ಅವರು ಕೊಟ್ಟದ್ದನ್ನು ನಾನು ಕಳೆದಂತಾಗುತ್ತಿತ್ತು.

ಅಂದಿನಿಂದ ನಾನು ತಿಳಿದುಕೊಂಡದ್ದು ಇಷ್ಟು. ದೀರ್ಘಕಾಲದ ಗುರಿಯನ್ನು ನಮ್ಮ ಮನಸ್ಸಿನೊಳಗೇ ಮುಚ್ಚಿಟ್ಟುಕೊಂಡರೆ, ಮನಸ್ಸು ಸೋತ ದಿನ ಅದೂ ಸೋಲುತ್ತದೆ. ಇನ್ನೊಬ್ಬರ ಜೊತೆಗಿನ ಕೊಡುಕೊಳ್ಳುವಿಕೆಯಾದರೆ ಅದಕ್ಕೆ ಹೊರಗಿನ ಆಸರೆಯೊಂದು ಸಿಗುತ್ತದೆ. ನನ್ನ ದೊಡ್ಡಮ್ಮನಿಗೆ ಈಗ ಎಂಬತ್ತು ದಾಟಿದೆ. ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದ ಕಾಲದ ಮಾತುಗಳು ಅವರಿಗೆ ಯಾವಾಗ ಬೇಕಾದರೂ ನೆನಪಾಗುತ್ತವೆ, ಆಗ ಫೋನು ಬರುತ್ತದೆ: ‘ತಮಾ, ಒಂದು ಶಬ್ದ ನೆನಪಾತು, ಬರ್ಕ.’ ನಾನು ಎಷ್ಟೇ ದಣಿದಿರಲಿ, ಬರೆದುಕೊಳ್ಳುತ್ತೇನೆ. ಗುರಿಯನ್ನು ಯಾರಿಗೂ ಹೇಳದೆ ಗುಟ್ಟಾಗಿಟ್ಟುಕೊಳ್ಳಬೇಕೆಂದು ಸಲಹೆ ಕೊಡುವವರಿದ್ದಾರೆ. ನನ್ನ ಅನುಭವ ಅದನ್ನು ಒಪ್ಪುವುದಿಲ್ಲ. ಊರಿಗೆಲ್ಲ ಸಾರಬೇಕಾಗಿಲ್ಲ, ಆದರೆ ಕೆಲಸದಲ್ಲಿ ನಿಜವಾಗಿ ಪಾಲುಳ್ಳ ಇಬ್ಬರು ಮೂವರಿಗೆ ಹೇಳಲೇಬೇಕು.

ಇನ್ನೊಂದು ಸಣ್ಣ ರೂಢಿಯಿದೆ. ಪ್ರತಿ ರಾತ್ರಿ ಕೊನೆಯ ಚೀಟಿಯನ್ನು ನಾನು ಪೂರ್ತಿ ಬರೆಯುವುದಿಲ್ಲ. ಶಬ್ದವನ್ನು ಬರೆದು, ಹೇಳಿದವರ ಊರನ್ನು ಬರೆದು, ಅರ್ಥದ ಸಾಲನ್ನು ಖಾಲಿ ಬಿಟ್ಟು ಏಳುತ್ತೇನೆ. ಮರುದಿನ ಬಂದು ಕೂತಾಗ ಎಲ್ಲಿಂದ ಆರಂಭಿಸಲಿ ಎಂದು ಯೋಚಿಸಬೇಕಾಗಿಲ್ಲ. ಅರ್ಧವಾದದ್ದು ಮೇಜಿನ ಮೇಲೆ ಕಾಯುತ್ತಿರುತ್ತದೆ. ದಣಿದ ಮನುಷ್ಯನಿಗೆ ಕೆಲಸಕ್ಕಿಂತಲೂ ಕಷ್ಟವಾದದ್ದು ಕೆಲಸವನ್ನು ಆರಂಭಿಸುವುದು, ಆ ಕಷ್ಟವನ್ನು ಹಿಂದಿನ ದಿನವೇ ಕಳೆದುಬಿಟ್ಟರೆ ಅರ್ಧ ಗಂಟೆ ತಾನಾಗಿ ಸಾಗುತ್ತದೆ.

ಕಾಲದ ಲೆಕ್ಕ ಕೇಳಿ ಹೆದರುವವರಿಗೆ ನಾನು ನಿಘಂಟುಗಳ ಚರಿತ್ರೆಯನ್ನು ಹೇಳುತ್ತೇನೆ. ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಸುಮಾರು 70,000 ಶಬ್ದಗಳ ಆ ಗ್ರಂಥ ಇಂದಿಗೂ ನನ್ನ ಕೈಯಳತೆಯಲ್ಲೇ ಇದೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನದು ಇನ್ನೂ ಪಾಠ ಕಲಿಸುವ ಕಥೆ. ಸಂಪಾದಕರಾದ ಜೇಮ್ಸ್ ಮರ್ರೆ 1879ರಲ್ಲಿ ಒಪ್ಪಂದ ಮಾಡಿಕೊಂಡಾಗ ಹತ್ತು ವರ್ಷಗಳಲ್ಲಿ ಕೆಲಸ ಮುಗಿಯಬಹುದೆಂಬ ಅಂದಾಜಿತ್ತು. ಐದು ವರ್ಷ ಕಳೆದು 1884ರಲ್ಲಿ ಮೊದಲ ಕಂತು ಹೊರಬಂದಾಗ ಅವರು ಮುಟ್ಟಿದ್ದು ‘ಆ್ಯಂಟ್’ ಎಂಬ ಶಬ್ದವನ್ನು, ಎಂದರೆ ಮೊದಲ ಅಕ್ಷರವೇ ಮುಗಿದಿರಲಿಲ್ಲ. ಮರ್ರೆ 1915ರಲ್ಲಿ ತೀರಿಕೊಂಡರು, ನಿಘಂಟು 1928ರಲ್ಲಿ ಪೂರ್ಣವಾಯಿತು. ಹತ್ತು ವರ್ಷದ ಅಂದಾಜು ತಪ್ಪಿತೆಂದು ಅವರು ಎದ್ದುಹೋಗಲಿಲ್ಲ. ನಮ್ಮಲ್ಲಿ ಬಹಳ ಜನ ಗುರಿಯನ್ನು ಬಿಡುವುದು ಅದು ಅಸಾಧ್ಯವೆಂದು ತಿಳಿದಾಗಲ್ಲ. ತಾವೇ ಹಾಕಿಕೊಂಡ ಗಡುವು ದಾಟಿತೆಂಬ ನಾಚಿಕೆಯಿಂದ.

ಆ ನಾಚಿಕೆ ನನಗೂ ಗೊತ್ತು. ಆರನೆಯ ವರ್ಷದ ಮಳೆಗಾಲದಲ್ಲಿ ಅಟ್ಟದ ಮೇಲಿಟ್ಟಿದ್ದ ಒಂದು ಪೆಟ್ಟಿಗೆಗೆ ಗೆದ್ದಲು ಹತ್ತಿ ಸುಮಾರು ಆರುನೂರು ಚೀಟಿಗಳು ಮಣ್ಣಾದವು. ಮುಚ್ಚಳ ತೆಗೆದಾಗ ಮೇಲಿನ ಚೀಟಿಯಲ್ಲಿ ‘ಕಾದಿಗೆ’ ಎಂಬ ಶಬ್ದದ ಮೊದಲ ಅಕ್ಷರವಷ್ಟೇ ಉಳಿದಿತ್ತು. ಎಂಟು ತಿಂಗಳು ನಾನು ಮೇಜಿನ ಹತ್ತಿರವೂ ಹೋಗಲಿಲ್ಲ. ಮತ್ತೆ ಕೂತಾಗ ಹೋದದ್ದನ್ನೆಲ್ಲ ಮೊದಲು ತುಂಬಿಸಬೇಕೆಂಬ ಹಟ ಬಿಟ್ಟು, ಹೊಸದೊಂದು ಶಬ್ದವನ್ನು ಬರೆದೆ. ಹಳೆಯವು ದೊಡ್ಡಮ್ಮನ ಬಾಯಿಂದ, ಗೌಡರ ಬಾಯಿಂದ ಒಂದೊಂದಾಗಿ ಹಿಂತಿರುಗಿ ಬಂದವು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ನಾನು ಓದಿದ್ದು ಆಮೇಲೆ. ಹೊಸ ಅಭ್ಯಾಸ ಮೈಗೂಡಲು ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನ ಬೇಕಾಗಬಹುದೆಂದೂ, ನಡುವೆ ಒಂದು ದಿನ ತಪ್ಪಿದರೆ ಅದರಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲವೆಂದೂ ಅವರು ಕಂಡುಕೊಂಡಿದ್ದರು. ಇಪ್ಪತ್ತೊಂದೇ ದಿನದಲ್ಲಿ ಅಭ್ಯಾಸ ಮೈಗೂಡಬೇಕೆಂಬ ಲೆಕ್ಕ ಹೇಳಿ ಜನರನ್ನು ಹೆದರಿಸುವವರು ಇದನ್ನು ಗಮನಿಸಬೇಕು.

ಗುರಿಯನ್ನು ಕಿರಿದು ಮಾಡಿಕೊಂಡದ್ದನ್ನೂ ಹೇಳಬೇಕು. ಇಡೀ ಮಲೆನಾಡಿನ ಶಬ್ದಗಳನ್ನು ಕೂಡಿಸುತ್ತೇನೆಂದು ಹೊರಟವನು ಈಗ ನಡೆದು ಮುಟ್ಟಬಹುದಾದ ನಾಲ್ಕು ಊರುಗಳಿಗೆ ನಿಂತಿದ್ದೇನೆ. ಅದು ಸೋಲೆಂದು ನನಗೆ ಅನಿಸಿಲ್ಲ. ಶನಿವಾರ ಸಂಜೆ ಹೊರಟು, ಒಬ್ಬರ ಮನೆಯ ಜಗಲಿಯಲ್ಲಿ ಕುಳಿತು, ಕತ್ತಲಾಗುವ ಮೊದಲು ಎರಡು ಶಬ್ದ ತಂದರೆ ಆ ವಾರ ನನಗೆ ತುಂಬಿದಂತೆ ಇರುತ್ತದೆ.

ಇಂದಿನ ಕೊನೆಯ ಚೀಟಿ ‘ಗೊರಬಲು’. ಕೆಂಪಡಿಕೆಯ ತರಗತಿಗಳಲ್ಲಿ ಅದೂ ಒಂದು, ಮಾರುಕಟ್ಟೆಯ ಧಾರಣೆಪಟ್ಟಿಯಲ್ಲಿ ರಾಶಿ, ಬೆಟ್ಟೆಗಳ ಜೊತೆಗೆ ದಿನವೂ ಕಾಣುವ ಹೆಸರು. ಆದರೆ ಸುಲಿದು ಹರವಿದ ಅಡಿಕೆಯಲ್ಲಿ ಅದನ್ನು ಕೈ ಹೇಗೆ ಗುರುತಿಸುತ್ತದೆ ಎಂಬುದನ್ನು ದೊಡ್ಡಮ್ಮನನ್ನು ಕೇಳಿಯೇ ಬರೆಯಬೇಕು. ಅರ್ಥದ ಸಾಲನ್ನು ಖಾಲಿ ಬಿಟ್ಟಿದ್ದೇನೆ.