ಮೈಲುತುತ್ತು ತಿಂದ ಯೆಜ್ಡಿ

ಪೆರ್ಲದ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಹನ್ನೊಂದು ವರ್ಷ ಅಡಿಕೆ ಗೋಣಿಗಳ ಮರೆಯಲ್ಲಿ ನಿಂತಿದ್ದ ಅಪ್ಪನ ಯೆಜ್ಡಿ ರೋಡ್‌ಕಿಂಗ್ ಬೈಕನ್ನು ಕಳೆದ ಡಿಸೆಂಬರಿನಲ್ಲಿ ಅಂಗಳಕ್ಕೆ ತಳ್ಳಿಕೊಂಡು ಬಂದೆ. ಮುಂದಿನ ಮಡ್‌ಗಾರ್ಡಿನಲ್ಲಿ ಮೇಲುಮೇಲಿನ ತುಕ್ಕಷ್ಟೇ ಇತ್ತು. ಹಿಂದಿನ ಕ್ಯಾರಿಯರ್, ಅದರ ಕೆಳಗಿನ ಮಡ್‌ಗಾರ್ಡ್ ಮತ್ತು ಎಡಬದಿಯ ಸೈಲೆನ್ಸರಿನ ತುದಿ ಮಾತ್ರ ಗೆದ್ದಲು ಹಿಡಿದ ಮಾಡಿನ ಪಕಾಸಿನಂತೆ ತೂತುಬಿದ್ದಿದ್ದವು. ಒಂದೇ ಗಾಡಿ, ಒಂದೇ ಮಳೆ, ಹಾಗಿದ್ದೂ ಇಷ್ಟು ವ್ಯತ್ಯಾಸ ಏಕೆಂದು ಆ ಹೊತ್ತಿಗೆ ಹೊಳೆಯಲಿಲ್ಲ.

ಕ್ಯಾರಿಯರಿನ ಬೆಸುಗೆಯ ಮೂಲೆಯನ್ನು ತಂತಿಯ ಬ್ರಷ್ಷಿನಿಂದ ಉಜ್ಜಿದಾಗ ಉತ್ತರ ಸಿಕ್ಕಿತು. ತುಕ್ಕಿನ ಹೊಪ್ಪಳೆ ಎದ್ದುಹೋದ ಜಾಗದಲ್ಲಿ ಎಂಟಾಣೆಯಷ್ಟು ಅಗಲಕ್ಕೆ ಹೊಸ ಚೊಂಬಿನ ಬಣ್ಣದ ತಾಮ್ರ ಹೊಳೆಯುತ್ತಿತ್ತು. ಅಪ್ಪ 1987ರಲ್ಲಿ ಗಾಡಿ ಕೊಂಡಂದಿನಿಂದ ಪ್ರತಿ ಮಳೆಗಾಲಕ್ಕೂ ಬದಿಯಡ್ಕದಿಂದ ಮೈಲುತುತ್ತಿನ, ಅಂದರೆ ತಾಮ್ರದ ಸಲ್ಫೇಟಿನ, ಚೀಲವನ್ನು ಆ ಕ್ಯಾರಿಯರಿಗೇ ಕಟ್ಟಿ ತರುತ್ತಿದ್ದರು. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವವರಿಗೆಲ್ಲ ಗೊತ್ತಿರುವ ಪರೀಕ್ಷೆಯೊಂದಿದೆ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು ಮತ್ತು 1 ಕಿಲೋ ಸುಣ್ಣದ ಲೆಕ್ಕದಲ್ಲಿ ಬೋರ್ಡೋ ದ್ರಾವಣ ಕಲಸಿದ ಮೇಲೆ ಅದರಲ್ಲಿ ಹೊಳಪಿನ ಚೂರಿಯನ್ನು ಅದ್ದಿ ನೋಡುವುದು, ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ ಸೇರಿಸುವುದು. ಸುಣ್ಣ ಸಾಲದಿದ್ದಾಗ ಕಬ್ಬಿಣ ತಾನು ಕರಗಿ, ನೀರಿನಲ್ಲಿರುವ ತಾಮ್ರವನ್ನು ತನ್ನ ಮೈಮೇಲೆ ಕೂರಿಸಿಕೊಳ್ಳುತ್ತದೆ ಎಂಬುದೇ ಆ ಕೆಂಪಿನ ಅರ್ಥ. ನಮ್ಮ ಕ್ಯಾರಿಯರ್ ಸುಣ್ಣವೇ ಇಲ್ಲದ ಮೈಲುತುತ್ತಿನ ಪುಡಿಯನ್ನು ಮಳೆನೀರಿನೊಡನೆ ಕುಡಿದ ಚೂರಿ. ಹಾಗೆ ಕೂತ ತಾಮ್ರವೂ ಸುಮ್ಮನಿರುವುದಿಲ್ಲ; ಒದ್ದೆಯಾದಾಗಲೆಲ್ಲ ಪಕ್ಕದ ಕಬ್ಬಿಣವನ್ನು ಇನ್ನಷ್ಟು ಬೇಗ ತುಕ್ಕು ಹಿಡಿಸುತ್ತದೆ. ಆದ್ದರಿಂದ ಆ ಕೆಂಪನ್ನು ಉಳಿಸದೆ ಪೂರ್ತಿ ಕೆರೆದು ತೆಗೆದ ಮೇಲೆಯೇ ಉಳಿದ ಕೆಲಸಕ್ಕೆ ಕೈಹಾಕಿದೆ.

ತುಕ್ಕು ತೆಗೆಯುವುದು ಕಷ್ಟವಲ್ಲವೆಂದು ಈಗ ಧೈರ್ಯವಾಗಿ ಹೇಳಬಲ್ಲೆ. ಬಿಡಿಭಾಗಗಳ ಎಣ್ಣೆಜಿಡ್ಡನ್ನು ಸೋಪಿನ ನೀರಿನಲ್ಲಿ ತೊಳೆದು, ಪ್ಲಾಸ್ಟಿಕ್ ಟಬ್ಬಿನಲ್ಲಿ 10 ಲೀಟರ್ ನೀರಿಗೆ 500 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ ರಾತ್ರಿಯಿಡೀ ಮುಳುಗಿಸಿಟ್ಟರೆ, ಬೆಳಗ್ಗೆ ಮೇಲೆ ಉಳಿಯುವ ಕಪ್ಪು ಮಸಿಯನ್ನು ಪಾತ್ರೆ ಉಜ್ಜುವ ಸ್ಕ್ರಬ್ಬರಿನಿಂದಲೇ ತೆಗೆಯಬಹುದು. ಪಕ್ಕದ ತೋಟದವರು, "ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಆಸಿಡ್ ನಮ್ಮಲ್ಲೇ ಇದೆಯಲ್ಲ ಭಾವಾ, ದುಡ್ಡು ಯಾಕೆ ಖರ್ಚು ಮಾಡುತ್ತೀರಿ?" ಎಂದು ಕ್ಯಾನ್ ಹಿಡಿದುಕೊಂಡೇ ಬಂದಿದ್ದರು. ಫಾರ್ಮಿಕ್ ಆಸಿಡ್ ತುಕ್ಕನ್ನು ತಿನ್ನುತ್ತದೆ, ನಿಜ. ಆದರೆ ಅದರ ಹಬೆ ಕಣ್ಣಿಗೂ ಮೂಗಿಗೂ ಕೊಡುವ ಹಿಂಸೆಯನ್ನು ರಬ್ಬರ್ ಶೀಟಿನ ಮನೆಯಲ್ಲಿ ಕಂಡಿದ್ದ ನಾನು ಕೈಮುಗಿದು ವಾಪಸು ಕಳುಹಿಸಿದೆ. ಅಲ್ಯೂಮಿನಿಯಂ ಭಾಗಗಳನ್ನು ಟಬ್ಬಿನ ಹತ್ತಿರಕ್ಕೂ ತರಲಿಲ್ಲ. ಆಸಿಡ್ಡಿನಲ್ಲಿ ಹುಟ್ಟುವ ಹೈಡ್ರೋಜನ್ ಒಳಸೇರಿದರೆ ಗಡುಸು ಉಕ್ಕು ಪೆಡಸಾಗಿ ಮುರಿಯುವ ಭಯವಿರುವುದರಿಂದ ಸ್ಪ್ರಿಂಗುಗಳನ್ನೂ ಚಕ್ರದ ಕಡ್ಡಿಗಳನ್ನೂ ಕೈಯಿಂದಲೇ ಉಜ್ಜಿದೆ.

ಕಷ್ಟವಿರುವುದು ತುಕ್ಕು ಹೋದ ಮೇಲಿನ ಮುಕ್ಕಾಲು ಗಂಟೆಯಲ್ಲಿ. ಅದನ್ನು ಕಲಿಸಿದ್ದು ಅದರ ಹಿಂದಿನ ವರ್ಷದ ಜೂನ್ ತಿಂಗಳು. ಗಾಡಿಯ ಚೈನ್ ಕವರನ್ನಷ್ಟೇ ಬಿಚ್ಚಿ ತಂದು, ಬೆಳ್ಳಿಯಂತೆ ಹೊಳೆಯುವ ತನಕ ಉಜ್ಜಿ, ಚಾವಡಿಯಲ್ಲಿ ಒಣಗಲು ಇಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಅದರ ಮೇಲೆ ಕೇಸರಿ ಬಣ್ಣದ ತೆಳುವಾದ ತುಕ್ಕಿನ ಹೂವು ಮೂಡಿತ್ತು. ಅಷ್ಟೇನೂ ಆಗದೆಂದು ಅದರ ಮೇಲೆಯೇ ಪ್ರೈಮರ್ ಬಳಿದೆ. ಮೇಲಿನಿಂದ ಹೊಡೆದ ಕಪ್ಪು ಬಣ್ಣ ಒಣಗುವಾಗ ಬೂದಿ ಹಿಡಿದಂತೆ ಬಿಳಿಚಿತು. ಥಿನ್ನರ್ ಬೇಗ ಆರಿ ಮೇಲ್ಮೈಯನ್ನು ತಣ್ಣಗಾಗಿಸಿದಾಗ ಗಾಳಿಯ ತೇವ ಬಣ್ಣದ ಮೇಲೆಯೇ ನೀರಾಗಿ ಕೂರುವುದು ಅದಕ್ಕೆ ಕಾರಣ. ದೀಪಾವಳಿಯ ಹೊತ್ತಿಗೆ ಕವರಿನ ತುಂಬ ಹಪ್ಪಳದಂತೆ ಗುಳ್ಳೆಗಳೆದ್ದಿದ್ದವು.

ಆದ್ದರಿಂದ ಈ ಸಲ ಡಿಸೆಂಬರಿನ ಒಣ ಬಿಸಿಲಿಗೆ ಕಾದೆ, ಇಬ್ಬನಿ ಆರುವ ಮೊದಲು ಯಾವ ಭಾಗವನ್ನೂ ಟಬ್ಬಿನಿಂದ ಹೊರತೆಗೆಯಲಿಲ್ಲ. ಆಸಿಡ್ಡಿನಿಂದ ತೆಗೆದದ್ದನ್ನು ನೀರಿನಲ್ಲೂ ಆಮೇಲೆ ಅಡುಗೆ ಸೋಡಾ ಕರಗಿಸಿದ ನೀರಿನಲ್ಲೂ ತೊಳೆದು, ಮತ್ತೊಮ್ಮೆ ಶುದ್ಧ ನೀರು ಹಾಯಿಸಿ, ಒರೆಸಿ, ಕಬ್ಬಿಣ ಕೈಗೆ ಬಿಸಿ ತಾಗುವಷ್ಟು ಹೊತ್ತು ಅಡಿಕೆ ಒಣಹಾಕುವ ಅಂಗಳದಲ್ಲೇ ಇಟ್ಟು, ನೆರಳಿಗೆ ತಂದು ತುಸು ಆರಿದ ಕೂಡಲೇ ಎಪಾಕ್ಸಿ ಪ್ರೈಮರ್ ಹೊಡೆದೆ. ಒಂದು ದಿನಕ್ಕೆ ಪ್ರೈಮರ್ ಹೊಡೆದು ಮುಗಿಸಲು ಸಾಧ್ಯವಿರುವಷ್ಟು ಭಾಗಗಳನ್ನು ಮಾತ್ರ ಟಬ್ಬಿಗೆ ಹಾಕಬೇಕೆಂಬುದು ಈ ಕೆಲಸದಲ್ಲಿ ನಾನು ಮಾಡಿಕೊಂಡ ಒಂದೇ ಕಟ್ಟುಪಾಡು. ಬಣ್ಣವನ್ನು ಮೊದಲಿನ ಮೆರೂನಿನಲ್ಲೇ ಉಳಿಸಿಕೊಂಡೆ. ಬದಲಿಸಿದರೆ ಆರ್‌ಸಿಯಲ್ಲೂ ಬದಲಿಸಬೇಕಾಗುತ್ತದೆ. ಚಾಸಿಸ್ ನಂಬರಿನ ಮೇಲೆ ಗ್ರೈಂಡರ್ ತಾಗದಂತೆ ಟೇಪ್ ಅಂಟಿಸಿ, ಆ ಜಾಗವನ್ನು ಎಮರಿ ಪೇಪರಿನಿಂದ ಬೆರಳಲ್ಲೇ ಉಜ್ಜಿದೆ.

ಕ್ರೋಮಿನ ಕಥೆ ಬೇರೆ. ಮೇಲೆ ಹೊಳೆಯುವ ಕ್ರೋಮಿಯಂ ಪದರ ಬಹಳ ತೆಳು, ನಿಜವಾದ ರಕ್ಷಣೆ ಅದರ ಅಡಿಯ ನಿಕ್ಕಲಿನದು, ಆ ನಿಕ್ಕಲಿನಲ್ಲಿ ಸೂಜಿಮೊನೆಯಷ್ಟು ರಂಧ್ರವಿದ್ದರೂ ತುಕ್ಕು ಒಳಗಿನಿಂದ ಹೊರಬರುತ್ತದೆ. ಚಕ್ರದ ರಿಮ್ಮುಗಳಲ್ಲಿ ಇದ್ದದ್ದು ಇಂಥ ಚುಕ್ಕೆಗಳೇ ಆದ್ದರಿಂದ ಅಲ್ಯೂಮಿನಿಯಂ ಫಾಯಿಲನ್ನು ಮುದ್ದೆ ಮಾಡಿ, ನೀರಿನಲ್ಲಿ ಅದ್ದಿ ಉಜ್ಜಿದೆ. ಹೊಸದರಂತೆ ಆಗದಿದ್ದರೂ ಮುಖ ಕಾಣುವಷ್ಟು ಹೊಳಪು ಬಂತು. ಸೈಲೆನ್ಸರುಗಳನ್ನು ಮಂಗಳೂರಿನ ಒಂದು ಪ್ಲೇಟಿಂಗ್ ಅಂಗಡಿಗೆ ಕೊಟ್ಟು ಕೈಸುಟ್ಟುಕೊಂಡೆ. ಗುಳಿಗಳು ಮಾಯವಾಗುವ ತನಕ ಬಫ್ಫಿಂಗ್ ಚಕ್ರಕ್ಕೆ ಹಿಡಿದು, ಮೊದಲೇ ತೆಳುವಾಗಿದ್ದ ಎಡಬದಿಯ ತುದಿಯನ್ನು ಹರಿದು ಕೊಟ್ಟರು. ತಗಡಿನ ದಪ್ಪ ನೋಡದೆ ಒಪ್ಪಿಸಿದ ತಪ್ಪಿನಲ್ಲಿ ನನ್ನ ಪಾಲೂ ಇದೆ. ಈಗ ಆ ಬದಿಗೆ ಕಪ್ಪು ಹೀಟ್ ಪೇಂಟ್ ಬಳಿದಿದ್ದೇನೆ, ಬಲಬದಿ ಕನ್ನಡಿಯಂತಿದೆ.

ಕ್ಯಾರಿಯರಿನ ಎರಡು ಸರಳುಗಳನ್ನು ಕತ್ತರಿಸಿ ಹೊಸದನ್ನು ಬೆಸೆಯಿಸಿದೆ. ಆಟಿ ತಿಂಗಳ ಮಳೆ ಕಳೆದ ಮೇಲೆ ಮೊನ್ನೆ ಬಗ್ಗಿ ನೋಡಿದಾಗ ಹಳೆಯ ಬೆಸುಗೆಯ ಸಂದಿಯೊಂದರಲ್ಲಿ ಸಾಸಿವೆ ಕಾಳಿನಷ್ಟು ಕೇಸರಿ ಕಾಣಿಸಿತು. ಕೈ ತುರಿಸಿದರೂ ಈಗ ಕೆರೆಯಲಿಲ್ಲ. ಗ್ರೀಸ್ ಮೆತ್ತಿ ಡಿಸೆಂಬರಿಗೆ ಬಿಟ್ಟಿದ್ದೇನೆ.